ಘೋಡಗೇರಿಯಿಂದ ಬಂದ ಎಡಗಾಲಿನ ಬೂಟು

ಹಾಳಾದ ಬೂಟು ತಂದವರನ್ನು ಬೈಯದೆ ಕಳಿಸಿದ್ದು ನನ್ನ ಅಂಗಡಿಯಲ್ಲಿ ಕಡಿಮೆ. ಮಳೆಯಲ್ಲಿ ನೆನೆದದ್ದನ್ನು ಬಿಸಿಲಿಗಿಟ್ಟು ಹಪ್ಪಳ ಮಾಡಿಕೊಂಡು ಬರುವವರು, ಧೂಳು ಕೂಡ ಒರೆಸದೆ ಪಾಲಿಶಿನ ಮೇಲೆ ಪಾಲಿಶ್ ಬಳಿಯುವವರು, ಮದುವೆಗೊಮ್ಮೆ ಹಾಕಿ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದಿಟ್ಟು ಬೂಷ್ಟು ಹಿಡಿಸುವವರು, ಒಬ್ಬೊಬ್ಬರಿಗೂ ಒಂದೊಂದು ಮಾತು ತಯಾರಿರುತ್ತದೆ. ಗೋಕಾಕದ ಪೇಟೆಯಲ್ಲಿ ನನ್ನ ಕೈಗಿಂತ ನನ್ನ ಬಾಯಿಗೇ ಹೆಚ್ಚು ಹೆಸರು ಎಂದು ಹೆಂಡತಿ ಆಡಿಕೊಳ್ಳುತ್ತಾಳೆ. ಅವಳ ಮಾತು ಸುಳ್ಳಲ್ಲ. ಆದರೆ ಒಂದು ವರ್ಷ ದಸರೆ ಮುಗಿದ ಮೇಲೆ ಘೋಡಗೇರಿಯಿಂದ ಬಂದ ಒಂದು ಬೂಟಿನ ಮುಂದೆ ನಾನು ಬಾಯಿ ಮುಚ್ಚಿಕೊಂಡೇ ಕೆಲಸ ಮಾಡಬೇಕಾಯಿತು.

ಬಂದವರು ಇಬ್ಬರು. ಹೆಗಲ ಮೇಲೆ ಕಂಬಳಿ ಹಾಕಿದ ವಯಸ್ಸಾದ ಕುರಿಗಾರ ಮುಂದೆ, ಕೋಲು ಊರುತ್ತ ಅವರ ಮಗಳು ಹಿಂದೆ. ಇಪ್ಪತ್ತರ ಮೇಲಿನ ವಯಸ್ಸು ಅವಳದು. ಹುಟ್ಟುವಾಗಲೇ ಎಡಪಾದ ಒಳಕ್ಕೆ ತಿರುಗಿತ್ತಂತೆ. ಚಿಕ್ಕಂದಿನಲ್ಲಿ ಆಪರೇಷನ್ ಮಾಡಿ ಅರ್ಧಮರ್ಧ ನೆಟ್ಟಗೆ ಮಾಡಿದ್ದರು, ಕಾಲು ಮಾತ್ರ ಗಿಡ್ಡವಾಗಿಯೇ ಉಳಿಯಿತು. ಅವಳನ್ನು ನಡೆಸುತ್ತಿದ್ದದ್ದು ಒಂದು ಚರ್ಮದ ಬೂಟು. ಅದನ್ನೇ ತಂದೆ ಟವೆಲ್ಲಿನಲ್ಲಿ ಸುತ್ತಿ, ಎಳೆಗೂಸು ಎತ್ತಿಕೊಂಡ ಹಾಗೆ ತಂದಿದ್ದರು.

ಗಂಟು ಬಿಚ್ಚುವ ಮೊದಲೇ ವಾಸನೆ ಬಡಿಯಿತು. ಔಡಲೆಣ್ಣೆ, ಅದರೊಳಗೆ ಕರಗಿಸಿದ ಕುರಿಯ ಕೊಬ್ಬು. ಬೂಟು ಕೈಗೆ ತೆಗೆದುಕೊಂಡೆ, ಕೈ ಜಾರಿತು. ಹಿಮ್ಮಡಿಯ ಮೇಲೆ ಹೆಬ್ಬೆರಳು ಒತ್ತಿದೆ, ಒಳಕ್ಕೆ ಇಳಿಯಿತು. ಇಂಥ ಬೂಟಿನಲ್ಲಿ ಹಿಮ್ಮಡಿಯಿಂದ ಹರಡಿನವರೆಗೆ, ಅಂದರೆ ಪಾದದ ಮೇಲಿನ ಗಂಟಿನವರೆಗೆ, ಹೊರ ಚರ್ಮಕ್ಕೂ ಒಳ ಚರ್ಮಕ್ಕೂ ನಡುವೆ, ಹಲಗೆಯಷ್ಟು ಗಟ್ಟಿಯಾದ ಒಂದು ಚರ್ಮದ ಪಟ್ಟಿ ಇರುತ್ತದೆ. ನಾನದನ್ನು ಗೋಡೆ ಎನ್ನುತ್ತೇನೆ. ಪಾದ ಒಳಕ್ಕೆ ಮಗುಚದಂತೆ ತಡೆಯುವುದು ಆ ಗೋಡೆ. ಅದು ಮೆತ್ತಗಾದರೆ ಬೂಟು ಇದ್ದೂ ಇಲ್ಲದ ಹಾಗೆ.

"ಸ್ವಲ್ಪ ಸಡ್ಲ ಆಗೈತ್ರಿ ಸಾಬ್ರ," ಅಂದರು ತಂದೆ. "ಎರಡು ಹೊಲಿಗಿ ಬಿಗಿ ಹಾಕಿ ಕೊಡ್ರಿ. ದೀಪಾವಳಿ ಪಾಡ್ಯ ಮುಗದ ಮ್ಯಾಲೆ ಕುರಿ ಹೊಡ್ಕೊಂಡ ಮೂಡಲಗಿ ಕಡಿ ಹೊಂಟೇವಿ. ಅಕೀನೂ ಬರಾಕಿ."

"ಇದಕ್ಕ ಎಣ್ಣಿ ಯಾರ..." ಎಂದು ನಾನು ದನಿ ಏರಿಸಿದ್ದೇ ತಡ, ಹುಡುಗಿ ನಡುವೆ ಬಾಯಿ ಹಾಕಿದಳು.

"ಅಪ್ಪಾ, ಗಂಟಲಾ ಒಣಗೈತಿ. ಬಾಜೂ ಹೋಟೆಲ್‌ನಾಗ ಒಂದ ತಂಬಿಗಿ ನೀರು ಇಸ್ಕೊಂಡ ಬಾ."

ಅವರು ಇಳಿದು ಹೋದರು. ಅವಳು ಕೋಲನ್ನು ಅಂಗಡಿಯ ಗೋಡೆಗೆ ಒರಗಿಸಿ ಮುಂದಕ್ಕೆ ಬಾಗಿದಳು.

"ಎಣ್ಣಿಂದ ಕೆಟ್ಟೈತಂತ ನನಗ ಗೊತ್ತೈತ್ರಿ ಮಾಮಾ. ಕಾಲಿಗೆ ಹಾಕ್ಕೊಂಡ ಮೊದಲನೇ ದಿನಾನ ಗೊತ್ತಾತ್ರಿ. ಅಪ್ಪಗ ಹೇಳಬ್ಯಾಡ್ರಿ. ಹಳೇದಾಗೈತಿ, ಅದಕ್ಕ ಹಿಂಗ ಆತು ಅಂತ ಹೇಳ್ರಿ."

"ಹಳೇದಾಗಿಲ್ಲಲ್ಲವಾ ಇದು! ಇನ್ನೂ ನಾಕು ವರ್ಷ ಬರೂ ಹಂತಾದ್ದು."

"ಖರೆ ಐತ್ರಿ. ಆದ್ರೂ ಹಂಗ ಹೇಳ್ರಿ."

ತಂದೆ ನೀರು ತಂದರು. ನಾನು ಕೇಳದಿದ್ದರೂ ಅವರೇ ಹೆಮ್ಮೆಯಿಂದ ಹೇಳಿದರು. ಪ್ರತಿ ವರ್ಷ ಹಿಂಡು ಹೊರಡುವ ಮೊದಲು ಕುರಿಗಾರರು ತಮ್ಮ ಕಾಲಿನ ಜೋಡುಗಳಿಗೆ ಎಣ್ಣೆ ಉಣಿಸುತ್ತಾರೆ. ಜೋಡಿನ ತುಂಬ ಎಣ್ಣೆ, ಕೊಬ್ಬು ಸುರಿದು ಆರಿದ ಒಲೆಯ ಬೆಚ್ಚನೆ ಬೂದಿಯ ಪಕ್ಕ ಇಟ್ಟರೆ ಬೆಳಗಾಗುವಷ್ಟರಲ್ಲಿ ಚರ್ಮ ಎಲ್ಲವನ್ನೂ ಹೀರಿರುತ್ತದೆ. ಈ ಸಲ ಮಗಳ ಬೂಟಿಗೂ ಹಾಗೆಯೇ ಮಾಡಿದ್ದರು.

"ನನ್ನ ಜೋಡು ಕಲ್ಲಿನಂಗ ಇದ್ದದ್ದು ಬೆಣ್ಣಿ ಹಂಗ ಆಗತಾವ್ರಿ. ಅಕಿ ಕಾಲು ನಾಜೂಕ ಐತಿ, ಒತ್ತಬಾರದು ಅಂತ ಅಕೀದಕ್ಕ ಇನ್ನೂ ಒಂದೀಟು ಜಾಸ್ತೀನ ಉಣಿಸೇನಿ."

ಅವರ ಮೇಲೆ ಸಿಟ್ಟಾಗಲು ನನ್ನಿಂದ ಆಗಲಿಲ್ಲ. ಅವರ ಜೋಡಿನ ಮಟ್ಟಿಗೆ ಅವರು ಹೇಳಿದ್ದೆಲ್ಲ ಸರಿ. ನಮ್ಮ ಅಬ್ಬಾ ಟಾಂಗಾ ಕುದುರೆಗಳಿಗೆ ಜೀನು, ಲಗಾಮು ಹೊಲಿಯುತ್ತಿದ್ದಾಗ ಅವಕ್ಕೂ ಔಡಲೆಣ್ಣೆಯನ್ನೇ ತಿಕ್ಕುತ್ತಿದ್ದರು. ಕುರಿಗಾರರ ಜೋಡು ಮರದ ತೊಗಟೆಯಲ್ಲಿ ಹದ ಮಾಡಿದ ದಪ್ಪ ತೊಗಲು. ಅಂಟಿಲ್ಲ, ಅಸ್ತರಿಲ್ಲ, ಬರೀ ಹೊಲಿಗೆ. ಅದಕ್ಕೆ ಎಣ್ಣೆಯೇ ಊಟ. ಈ ಬೂಟು ಪದರ ಪದರವಾಗಿ ಅಂಟಿಸಿ ಕಟ್ಟಿದ್ದು, ಗಿಡ್ಡ ಕಾಲನ್ನು ಎತ್ತರಿಸಲು ಅಡಿಯಲ್ಲಿ ಬೆಂಡಿನ ದಿಮ್ಮಿ ಕೂರಿಸಿದ್ದು. ಇದಕ್ಕೆ ಬಟ್ಟೆಯಲ್ಲಿ ಅದ್ದಿದ ನಾಲ್ಕು ಹನಿ ಎಣ್ಣೆ, ಅದೂ ಹೊರಮೈಗೆ ಮಾತ್ರ, ಸಾಕಾಗಿತ್ತು.

"ಹಳೇದಾಗೈತ್ರಿ ಯಜಮಾನ್ರ. ಬಿಟ್ಟು ಹೋಗ್ರಿ, ನೋಡತೇನಿ," ಅಂದೆ. ಹುಡುಗಿ ಉಸಿರು ಬಿಟ್ಟಳು.

ಹೋಗುವಾಗ ಅವಳೇ ಹೇಳಿದಳು. ತಾಯಿ ತೀರಿದ ಮೇಲೆ ಅಪ್ಪನ ಜೊತೆ ಹಿಂಡಿನ ಹಿಂದೆ ನಡೆಯುವವಳು ಅವಳು. ದಣಿದು ಹಿಂದೆ ಬೀಳುವ ಮರಿಗಳು ಅವಳ ಪಾಲು. ಈ ಬೂಟು ಬಂದ ಮೇಲೆಯೇ ಅವಳಿಗೆ ಆ ನಡಿಗೆ ಸಿಕ್ಕಿದ್ದು. ಅದಕ್ಕೂ ಮೊದಲು ಹಿಂಡು ಹೊರಟರೆ ಸೋದರತ್ತೆಯ ಮನೆಯ ಪಡಸಾಲೆಯಲ್ಲಿ ಬೇಸಿಗೆಯವರೆಗೆ ಕೂತಿರಬೇಕಿತ್ತು. ಬೂಟು ಆಗದಿದ್ದರೆ ಮತ್ತೆ ಅದೇ ಪಡಸಾಲೆ. ಹೊಸದಕ್ಕೆ ಅಳತೆ ಕೊಟ್ಟರೆ ಕೈಗೆ ಬರುವಷ್ಟರಲ್ಲಿ ಹಿಂಡು ಹೋಗಿ ತಿರುಗಿ ಬಂದಿರುತ್ತಿತ್ತು.

ಮೊದಲ ಕೆಲಸ ಎಣ್ಣೆ ಹೊರಗೆ ಎಳೆಯುವುದು. ಲೇಸು ಬಿಚ್ಚಿ ನಾಲಗೆ ಹೊರಗೆಳೆದು ಬೂಟಿನ ಬಾಯಿ ಅಗಲ ಮಾಡಿದೆ. ಹಳೆಯ ಪೇಪರು ಉಂಡೆ ಮಾಡಿ ಒಳಗೆ ತುರುಕಿದೆ. ಪೇಪರು ನೆನೆದಂತೆಲ್ಲ ತೆಗೆದು ಹೊಸದು ತುಂಬಿದೆ. ಆಮೇಲೆ ಮುಲ್ತಾನಿ ಮಿಟ್ಟಿಯನ್ನು ಒಣಗಿದ್ದಾಗಲೇ ಜರಡಿ ಹಿಡಿದು, ಒಳಗೂ ಹೊರಗೂ ದಪ್ಪಗೆ ಮೆತ್ತಿ, ಬಿಸಿಲು ಬೀಳದ ಆದರೆ ಬೆಚ್ಚಗಿರುವ ತಗಡಿನ ಕೆಳಗೆ ಇಟ್ಟೆ. ಬೆಳಗ್ಗೆ ನೋಡಿದರೆ ಮಣ್ಣು ಹಳದಿಯಾಗಿ ಹೆಪ್ಪುಗಟ್ಟಿರುತ್ತಿತ್ತು. ಬ್ರಷ್ಷಿನಿಂದ ಕೆರೆದು ಮತ್ತೆ ಮೆತ್ತುವುದು. ಅಂಗಡಿಗೆ ಬಂದ ಗಿರಾಕಿಗಳು ಬೂಟಿಗೂ ಬ್ಯೂಟಿ ಪಾರ್ಲರ್ ತೆಗೆದಿರೇನು ಎಂದು ಚೇಷ್ಟೆ ಮಾಡಿದರು. ನಾನೂ ನಕ್ಕೆ. ಮೊದಮೊದಲು ಮಣ್ಣು ಎಣ್ಣೆಯನ್ನು ಎಳೆಯುವುದು ನೋಡಿ ಆಸೆ ಹುಟ್ಟಿತ್ತು.

ಆಮೇಲೆ ಮಣ್ಣು ಒಣಗಿದ ಹಾಗೇ ಉದುರತೊಡಗಿತು. ಎಣ್ಣೆ ಮುಗಿಯಿತು ಅಂದುಕೊಂಡೆ. ಹೊರಮೈ ಒಣಗಿತ್ತು, ಬಣ್ಣವೂ ತಿರುಗಿತ್ತು. ಮರುದಿನ ಹಿಮ್ಮಡಿ ಒತ್ತಿ ನೋಡಿದರೆ ಹೊಲಿಗೆಯ ತೂತುಗಳಿಂದ ಸಣ್ಣ ಸಣ್ಣ ಎಣ್ಣೆಯ ಮಣಿಗಳು ಹೊರಬಂದವು. ಎಣ್ಣೆ ಹೋಗಿರಲಿಲ್ಲ, ನಡುವಿನ ಪದರದಲ್ಲಿ ಹೋಗಿ ಕೂತಿತ್ತು.

ಪೆಟ್ರೋಲಿನಲ್ಲಿ ತೊಳೆದರೆ ಒಂದೇ ಏಟಿಗೆ ಎಣ್ಣೆ ಬಿಡುತ್ತದೆ. ನಾಲಗೆಯ ತುದಿಯಲ್ಲಿ ಸ್ವಲ್ಪ ಕತ್ತರಿಸಿ ಪರೀಕ್ಷೆ ಮಾಡಿದೆ. ಎಣ್ಣೆ ಬಿಟ್ಟಿತು ನಿಜ, ಒಣಗಿದ ಮೇಲೆ ಆ ಚೂರು ಬಿಳಿಚಿಕೊಂಡು, ಮಡಿಚಿದರೆ ಸೀಳುತ್ತಿತ್ತು. ಇದ್ದ ಚರ್ಮವನ್ನೂ ಕಳೆದುಕೊಳ್ಳುವ ಧೈರ್ಯ ನನಗಾಗಲಿಲ್ಲ.

ಬೂಟು ಕಟ್ಟಿದವರನ್ನೇ ಕೇಳೋಣ ಎಂದು ಅಂಗಡಿ ಮುಚ್ಚಿ ಹುಕ್ಕೇರಿ ಬಸ್ಸು ಹತ್ತಿದೆ. ಆ ಕುಶಲಕರ್ಮಿ ನನಗಿಂತ ಹಿರಿಯರು, ಕೈ ನಡುಗತೊಡಗಿದ ಮೇಲೆ ಕೆಲಸ ಬಿಟ್ಟಿದ್ದರು. ಬೂಟನ್ನು ಮೂಗಿನ ಹತ್ತಿರ ಹಿಡಿದು ಕೆಳಗಿಟ್ಟರು.

"ಇದರ ಅಚ್ಚು ಐತೇನ್ರಿ?" ಎಂದು ಕೇಳಿದೆ. ಅವಳ ಪಾದದ ಅಳತೆಗೆ ಕೆತ್ತಿದ ಮರದ ಅಚ್ಚು ಸಿಕ್ಕರೆ ಹೊಸ ಬೂಟನ್ನೇ ಕಟ್ಟಬಹುದು ಎಂಬ ಆಸೆ ನನಗಿತ್ತು.

"ಎಲ್ಲಾ ಅಚ್ಚಿಗೂ ಹುಳಾ ಬಿದ್ದುವು. ಮೊನ್ನಿ ಮಳಿಗಾಲದಾಗ ಹೊರಗ ಒಗದ್ವಿ," ಅಂದರು. ಬೂಟನ್ನು ನನ್ನ ಕಡೆ ಸರಿಸಿ, "ಇದಕ್ಕ ಕೈ ಹಚ್ಚಬ್ಯಾಡ. ಕೆಟ್ಟ ಹೆಸರು ನಿನ್ನ ತಲಿಗೆ ಬರತೈತಿ," ಅಂದರು.

ಬಸ್ಸಿನಲ್ಲಿ ವಾಪಸು ಬರುವಾಗ ಮನಸ್ಸು ಪೂರ್ತಿ ಕುಗ್ಗಿತ್ತು. ಸುಮ್ಮನೆ ಆಗುವುದಿಲ್ಲ ಎಂದು ಹೇಳಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಅದನ್ನು ಹೇಳಬೇಕಾದದ್ದು ತಂದೆಯ ಎದುರು. ಅವರು ಯಾಕೆ ಎಂದು ಕೇಳುತ್ತಾರೆ, ನಾನು ಮತ್ತೆ ಹಳೇದಾಗೈತಿ ಅನ್ನಬೇಕು. ಘಟಪ್ರಭಾ ದಾಟುವಷ್ಟರಲ್ಲಿ ಒಂದು ನಿರ್ಧಾರಕ್ಕೆ ಬಂದೆ. ಹಳೆಯ ಗೋಡೆ ಕಿತ್ತು ಹೊಸದು ಕೂರಿಸುವುದು. ಅಚ್ಚು ಇಲ್ಲದಿದ್ದರೆ ಅವಳ ಕಾಲನ್ನೇ ಅಚ್ಚು ಮಾಡುವುದು.

ಅಸ್ತರಿನ ಹೊಲಿಗೆಯನ್ನು ಚರ್ಮ ಕೊಯ್ಯುವ ರಂಪಿಗೆಯ ತುದಿಯಿಂದ ಒಂದೊಂದಾಗಿ ಬಿಚ್ಚಿದೆ. ಹಳೆಯ ಗೋಡೆ ಸಾರಿನಲ್ಲಿ ನೆನೆಸಿದ ರೊಟ್ಟಿಯಂತೆ ಕೈಗೆ ಬಂತು. ಅಡಿಯ ಬೆಂಡು ಬಿಟ್ಟುಕೊಂಡಿತ್ತು, ಸೊಲ್ಯೂಷನ್ ಕರಗಿ ಅಂಟಂಟು ರಾಡಿಯಾಗಿತ್ತು. ಕೆರೆದು ತೆಗೆದು ಹೊಸ ಬೆಂಡು ಕೊಯ್ದು ಕೂರಿಸಿದೆ. ತೊಗಟೆಯಲ್ಲಿ ಹದ ಮಾಡಿದ, ಎತ್ತಿನ ಬೆನ್ನಿನ ತೊಗಲಿನ ಒಂದು ತುಂಡು ಅಬ್ಬಾನ ಕಾಲದಿಂದ ಅಟ್ಟದ ಮೇಲೆ ಉಳಿದಿತ್ತು. ಅದನ್ನೇ ಗೋಡೆಯ ಆಕಾರಕ್ಕೆ ಕತ್ತರಿಸಿ, ಅಂಚುಗಳನ್ನು ತೆಳ್ಳಗೆ ಸವರಿ, ಗುಳ್ಳೆ ಏಳುವುದು ನಿಲ್ಲುವವರೆಗೆ ನೀರಿನಲ್ಲಿ ಮುಳುಗಿಸಿಟ್ಟೆ.

ಹುಡುಗಿಯನ್ನು ಮನೆಗೆ ಕರೆಸಿದೆ. ಪೇಟೆಯ ನಡುವೆ ಹೆಣ್ಣುಮಗಳ ಬರಿಗಾಲು ಹಿಡಿದು ಕೂರುವುದು ಸರಿಯಲ್ಲ ಎಂದು ಹೆಂಡತಿಯೇ ಆ ಕೆಲಸ ವಹಿಸಿಕೊಂಡಳು. ಪಾದಕ್ಕೆ ಕಾಲುಚೀಲ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಒದ್ದೆ ಚರ್ಮ. ನಾನು ಹೇಳಿದಲ್ಲೆಲ್ಲ ಹೆಂಡತಿ ಹೆಬ್ಬೆರಳಿನಿಂದ ತೀಡಿ ಚರ್ಮವನ್ನು ಹಿಮ್ಮಡಿಗೆ, ಹರಡಿಗೆ ಅಪ್ಪಿಸಿದಳು. ಪಾದ ನೆಟ್ಟಗಿರಬೇಕಾದ ರೀತಿಯಲ್ಲಿ ಹಿಡಿದು ಬ್ಯಾಂಡೇಜಿನಿಂದ ಬಿಗಿಯಾಗಿ ಸುತ್ತಿದೆವು. ಒಳಕ್ಕೆ ತಿರುಗುವ ಪಾದವನ್ನು ಹೊರಕ್ಕೆ ಎಳೆದು ಹಿಡಿಯುವುದು ಸುಲಭದ ನೋವಲ್ಲ. ಹುಡುಗಿ ತುಟಿ ಕಚ್ಚಿ ಕೂತಳು. ಹೆಂಡತಿ ಅವಳ ಗಮನ ಬೇರೆ ಕಡೆ ಹೊರಳಿಸಲು ಕುರಿಗಳ ಸುದ್ದಿ ತೆಗೆದಳು.

"ಒಂದ ಕುಂಟ ಮರಿ ಐತ್ರಿ ಚಾಚಿ," ಅಂದಳು. "ಅದೂ ನಾನೂ ಹಿಂದ. ಮುಂದಿನಾವ್ರು ಸಂಜೀಕ ಅಡಗಿ ಮಾಡೂದರಾಗ ನಾವ್ ಹೋಗಿ ಮುಟ್ಟತೇವಿ. ಹೊತ್ತ ಆದ್ರೂ ಯಾರೂ ಬೈಯಂಗಿಲ್ಲ."

ಮಧ್ಯಾಹ್ನದ ಹೊತ್ತಿಗೆ ಚರ್ಮ ಆಕಾರ ಹಿಡಿಯಿತು. ಬಿಚ್ಚಿ ನೆರಳಿನಲ್ಲಿ ಒಣಗಿಸಿದೆ. ಒಣಗಿದ ಮೇಲೆ ಬೆರಳಿನಿಂದ ತಟ್ಟಿದರೆ ಮರದ ಸದ್ದು. ನನಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಇನ್ನುಳಿದದ್ದು ಅದನ್ನು ಬೂಟಿನೊಳಗೆ ಸೇರಿಸುವುದು. ಹೊರ ಚರ್ಮದಲ್ಲಿ ಎಣ್ಣೆ ಇನ್ನೂ ಇತ್ತು, ಸೊಲ್ಯೂಷನ್ ಹಿಡಿಯುತ್ತಿರಲಿಲ್ಲ. ಹಚ್ಚಿದ್ದು ಸಿಪ್ಪೆಯಂತೆ ಎದ್ದು ಬರುತ್ತಿತ್ತು. ಎಣ್ಣೆ ಹೊಸ ಗೋಡೆಗೆ ತಗಲದಿರಲಿ ಎಂದು ಸೈಕಲ್ ಟ್ಯೂಬಿನ ತೆಳು ರಬ್ಬರನ್ನು ನಡುವೆ ಇಟ್ಟು, ಮೇಣ ತಿಕ್ಕಿದ ದಾರದಲ್ಲಿ ಸುತ್ತಲೂ ಹೊಲಿದೆ. ಬರೀ ಹೊಲಿಗೆಯ ಮೇಲೆಯೇ ಎಲ್ಲ ಭಾರ.

ಬೂಟು ಒಯ್ಯಲು ಬಂದ ದಿನ ಅವಳು ಅದನ್ನು ಹಾಕಿಕೊಂಡು, ಕೋಲನ್ನು ನನ್ನ ಅಂಗಡಿಯಲ್ಲೇ ಬಿಟ್ಟು, ಫಾಲ್ಸ್ ಕಡೆ ಹೋಗುವ ರಸ್ತೆಯಲ್ಲಿ ನಡೆದು ಹೋದಳು. ತಂದೆ ಅವಳ ಹಿಮ್ಮಡಿಯನ್ನೇ ನೋಡುತ್ತ ನಿಂತಿದ್ದರು. ಹೊರಳಿ ಬಂದಾಗ ಅವಳ ಮುಖ ಬೆವತಿತ್ತು, ಪಾದ ನೆಟ್ಟಗಿತ್ತು. "ಸಾಬ್ರ ಕೈ ದೊಡ್ಡದು," ಎಂದು ತಂದೆ ನನ್ನ ಎರಡೂ ಕೈ ಹಿಡಿದುಕೊಂಡರು. ಇನ್ನು ಇದಕ್ಕೆ ನೀರು ತಗಲಿಸಬೇಡಿ, ಒದ್ದೆಯಾದರೆ ಬೆಂಕಿಯ ಹತ್ತಿರ ಒಯ್ಯಬೇಡಿ, ಒಣ ಬಟ್ಟೆಯಿಂದ ಒರೆಸಿ ನೆರಳಿಗಿಡಿ ಎಂದೆಲ್ಲ ಹೇಳಿದೆ. ಎಣ್ಣೆಯ ಮಾತು ಮಾತ್ರ ನನ್ನ ಬಾಯಿಂದ ಬರಲಿಲ್ಲ. ಅವಳು ನೋಡಿಕೊಳ್ಳುತ್ತಾಳೆ ಅಂದುಕೊಂಡೆ.

ಪಾಡ್ಯದ ನಂತರ ಹಿಂಡು ಹೊರಟಿತು. ಗೋಕಾಕ ದಾಟಿದ ಸುದ್ದಿ ಬಂತು, ನಾಗನೂರ ಮುಟ್ಟಿದ ಸುದ್ದಿ ಬಂತು. ಆಮೇಲೆ ಒಂದು ಮುಂಜಾನೆ ಅವಳದೇ ಫೋನು. "ಮಾಮಾ, ಬರಾಕ ಆಗತೈತೇನ್ರಿ?" ಇಷ್ಟೇ ಕೇಳಿದಳು.

ದಬ್ಬಣ, ದಾರ, ಚರ್ಮದ ತುಂಡುಗಳನ್ನು ಚೀಲಕ್ಕೆ ಹಾಕಿಕೊಂಡು ಹೋದೆ. ಮೂಡಲಗಿಯ ಆಚೆ ಗೋವಿನಜೋಳ ಕೊಯ್ದ ಹೊಲವೊಂದರಲ್ಲಿ ಕುರಿಗಳನ್ನು ತರುಬಿದ್ದರು. ಎರೆ ಮಣ್ಣು, ರಾತ್ರಿ ಸಣ್ಣಗೆ ಹನಿದಿತ್ತು. ಅವಳು ಕಂಬಳಿಯ ಮೇಲೆ ಕಾಲು ಚಾಚಿ ಕೂತಿದ್ದಳು. ಕಾಲು ನೋಡಿದೆ. ಹರಡು ಊದಿತ್ತು, ಒಳಗಡೆಯ ಚರ್ಮ ಕಿತ್ತು ಕೆಂಪಗಾಗಿತ್ತು. ಬೂಟು ನೋಡಿದೆ. ಗೋಡೆ ಒಳಕ್ಕೆ ವಾಲಿತ್ತು. ರಬ್ಬರು ಎಣ್ಣೆಯನ್ನು ತಡೆದಿತ್ತು. ಆದರೆ ಹೊಲಿಗೆಯ ದಾರ ದೀಪದ ಬತ್ತಿಯಂತೆ ಎಣ್ಣೆಯನ್ನು ಎಳೆದು ಎಳೆದು ಒಳಗೆ ದಾಟಿಸಿತ್ತು. ಒಂದೊಂದು ತೂತಿನ ಸುತ್ತ ಒಂದೊಂದು ಕಪ್ಪು ಕಲೆ, ಕಲೆಗಳೆಲ್ಲ ಕೂಡಿ ಒಂದಾಗಿದ್ದವು. ಹೆಬ್ಬೆರಳು ಒತ್ತಿದೆ. ಮೊದಲ ದಿನ ಇಳಿದ ಹಾಗೆಯೇ ಇಳಿಯಿತು.

ಅಲ್ಲೇ ಕೂತು ಹೊರಗಿನಿಂದ ಎರಡು ಪಟ್ಟಿ ಹೊಲಿದು ಬಿಗಿದು ನೋಡಿದೆ. ಅವಳು ಎದ್ದು ನಿಂತಳು, ಎರೆಯೊಳಗೆ ನಾಲ್ಕು ಹೆಜ್ಜೆ ಹಾಕಿದಳು, ಕೂತಳು.

"ಸಾಕ್ರಿ ಮಾಮಾ," ಅಂದಳು. "ನಾ ನಿಮ್ಮ ಜೋಡಿ ಹೊಳ್ಳಿ ಬರತೇನಿ. ಅತ್ತಿ ಮನಿಗೆ ಹೋಗತೇನಿ."

ಇನ್ನೇನೂ ಮಾಡಲು ಉಳಿದಿರಲಿಲ್ಲ. ನನ್ನ ಕಸುಬಿನ ಮೇಲೆಯೇ ನನಗೆ ಹೇಸಿಗೆ ಅನಿಸಿತು. ಅವಳು ಮರಿಗಳ ಬಳಿ ಹೋಗಿ ಅವುಗಳ ಬೆನ್ನು ತಡವುತ್ತ ಕೂತಾಗ ತಂದೆ ನನ್ನನ್ನು ಬದುವಿನ ಕಡೆ ಕರೆದೊಯ್ದರು.

"ನನ್ನದ ತಪ್ಪ ಆತ ಅನಸತೈತ್ರಿ ಸಾಬ್ರ. ಎಣ್ಣಿ ಕಡಿಮಿ ಬಿತ್ತು. ಆ ಬೂಟು ನನ್ನ ಹಂತ್ಯಾಕ ಕೊಡ್ರಿ. ಇಲ್ಲೇ ಒಲಿ ಐತಿ, ಔಡಲೆಣ್ಣಿ ಐತಿ. ಈ ಸಲ ಎರಡ ಸಲ ಉಣಸ್ತೀನಿ. ಬರೂ ವರ್ಷಕ್ಕಾದ್ರೂ ಆಗಲಿ."

ಅವರು ಕೈ ಚಾಚಿದ್ದರು. ನಾನು ಬೂಟನ್ನು ಹಿಂದಕ್ಕೆ ಎಳೆದುಕೊಂಡೆ. ಆ ಹುಡುಗಿಗೆ ಕೊಟ್ಟ ಮಾತು ನೆನಪಿತ್ತು. ಆದರೆ ಮುಂದೆ ಎಲ್ಲಿಂದಲೋ ಹೊಸ ಬೂಟು ಬಂದರೆ ಅದಕ್ಕೂ ಹೀಗೆಯೇ ಆಗುತ್ತದೆ.

"ಎಣ್ಣಿ ಹಾಕಬ್ಯಾಡ್ರಿ ಯಜಮಾನ್ರ," ಅಂದೆ. "ಈ ಬೂಟಿಗೆ ಎಣ್ಣಿ ಆಗಿ ಬರಂಗಿಲ್ಲ."

ಅವರು ನನ್ನ ಮುಖ ನೋಡಿದರು. ಆಮೇಲೆ ಬೂಟು ನೋಡಿದರು, ಹಿಮ್ಮಡಿಯನ್ನು ಬೆರಳಿನಿಂದ ಒಮ್ಮೆ ಒತ್ತಿದರು. ಚರ್ಮದ ಬಗ್ಗೆ ಆ ಮನುಷ್ಯನಿಗೆ ಬಿಡಿಸಿ ಹೇಳುವ ಅಗತ್ಯ ಇರಲಿಲ್ಲ.

"ಅಕಿಗೆ ಗೊತ್ತೈತೇನ್ರಿ?"

"ಮೊದಲಿಂದಾನೂ ಗೊತ್ತೈತ್ರಿ."

ಅವರು ಬದುವಿನ ಮೇಲೆ ಕೂತುಬಿಟ್ಟರು. ಕಂಬಳಿಯ ಅಂಚಿನಿಂದ ಕೈ ಒರೆಸಿಕೊಂಡರು, ಮತ್ತೆ ಒರೆಸಿಕೊಂಡರು. ನಾನೂ ಪಕ್ಕದಲ್ಲಿ ಕೂತೆ. ಆಚೆಯಿಂದ ಅವಳು ಕೂಗಿದಳು, ಬಸ್ಸಿನ ಹೊತ್ತಾಯಿತೆಂದು.

"ನನಗ ಗೊತ್ತಾತಂತ ಅಕಿಗೆ ಹೇಳಬ್ಯಾಡ್ರಿ ಸಾಬ್ರ," ಅಂದರು. "ಅಕಿ ಇಷ್ಟ ದಿನಾ ಬಚ್ಚಿಟ್ಟಾಳ. ಅದಾದ್ರೂ ಹಂಗ ಇರಲಿ."

ಎದ್ದು ಹೋಗಿ ಮಗಳ ತಲೆಯ ಮೇಲೆ ಕೈ ಇಟ್ಟು, ಅತ್ತೆಯ ಮನೆಯಲ್ಲಿ ಹೊತ್ತಿಗೆ ಸರಿಯಾಗಿ ಉಣ್ಣು ಎಂದು ಬೈದ ಹಾಗೆ ಹೇಳಿದರು. ಅವಳೂ ನಕ್ಕು ಏನೋ ತಿರುಗಿ ಹೇಳಿದಳು. ಆಮೇಲೆ ಅವರು ಹಿಂಡಿನ ಕಡೆ ನಡೆದರು, ಹಿಂದಿರುಗಿ ನೋಡಲಿಲ್ಲ.

ಮೂಡಲಗಿಯಿಂದ ಗೋಕಾಕಕ್ಕೆ ಬರುವ ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ, ನಾನು ಅವಳ ಪಕ್ಕ. ಬೂಟು ನನ್ನ ಚೀಲದಲ್ಲಿತ್ತು. ನಾಗನೂರ ದಾಟಿದ ಮೇಲೆ ಅವಳು ಕೇಳಿದಳು:

"ಬದುವಿನ ಮ್ಯಾಲೆ ಅಪ್ಪ ಏನಂದಾನ್ರಿ?"

"ಬೂಟು ಹಳೇದಾಗಿತ್ತು ಅಂದ್ರವಾ."

"ಎಣ್ಣಿ ಸುದ್ದಿ ತಗೀಲಿಲ್ಲ ಹೌದಲ್ರಿ?"

"ಇಲ್ಲ."

ಅವಳು ತಲೆಯನ್ನು ಸೀಟಿಗೆ ಒರಗಿಸಿ ಕಣ್ಣು ಮುಚ್ಚಿದಳು. ಹೊಲದಲ್ಲಿ ನೋಡಿದಾಗಿನಿಂದ ಬಿಗಿದುಕೊಂಡೇ ಇದ್ದ ಮುಖ ಮೊದಲ ಸಲ ಸಡಿಲವಾಯಿತು.

"ಹಂಗಾರ ಚಲೋ ಆತ ಬಿಡ್ರಿ ಮಾಮಾ," ಅಂದಳು. "ಅಪ್ಪ ಇನ್ನ ಆರಾಮ ನಡಕೊಂಡ ಹೋಗತಾನ."

ನಾನು ಹೌದವ್ವಾ ಎಂದೆ.